ನೂರು ಮೀಟರ್ ಓಟದ ಕಾಲ್ಚಳಕ: ವೇಗ ಹುಟ್ಟುವುದು ನೆಲದಲ್ಲಿ

ರಾಯಚೂರು: ಮುಂಗಾರು ಮಳೆಯ ಜತೆಗೇ ಜಿಲ್ಲೆಯ ಶಾಲೆಗಳಲ್ಲಿ ಕ್ರೀಡಾಕೂಟಗಳ ಋತುವೂ ಆರಂಭವಾಗುತ್ತದೆ. ವಲಯ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ಕಲಬುರಗಿ ವಿಭಾಗಕ್ಕೆ, ಕೊನೆಗೆ ರಾಜ್ಯ ಮಟ್ಟಕ್ಕೆ. ಮಾನ್ವಿಯಲ್ಲೋ ದೇವದುರ್ಗದಲ್ಲೋ ಸುಣ್ಣದ ಗೆರೆಯ ಹಿಂದೆ ನಿಂತ ಹದಿನಾಲ್ಕರ ಹರೆಯದ ಓಟಗಾರನಿಗೆ ಈ ಏಣಿಯ ಒಂದೊಂದು ಮೆಟ್ಟಿಲಿನಲ್ಲಿ ಸಿಗುವ ಅವಕಾಶ ಹದಿಮೂರು ಸೆಕೆಂಡುಗಳ ಆಸುಪಾಸಿನದು. ಆ ಹೊತ್ತಿನಲ್ಲಿ ಅಂಚಿನಿಂದ ಕೇಳಿಬರುವ ಕೂಗು ಬಹುತೇಕ ಒಂದೇ: ‘ಕಾಲು ಚಾಚು, ಉದ್ದ ಹೆಜ್ಜೆ ಹಾಕು!’

ಕೂಗುವವರ ಕಾಳಜಿ ಪ್ರಶ್ನಾತೀತ. ಆದರೆ ಓಟದ ಚಲನಶಾಸ್ತ್ರ ಕಳೆದ ಕಾಲು ಶತಮಾನದಲ್ಲಿ ಕಂಡುಕೊಂಡ ಸಂಗತಿಗಳನ್ನು ಗಮನಿಸಿದರೆ ಈ ಸಲಹೆ ಓಟಗಾರನ ವೇಗಕ್ಕೆ ಕಡಿವಾಣ ಹಾಕುವಂಥದ್ದು. ತೊಡೆಯ ಹಿಂಭಾಗದ ಸ್ನಾಯುವಿಗಂತೂ ಕಂಟಕಪ್ರಾಯವಾದದ್ದು.

ಎರಡು ಚೀಲ ಭತ್ತದ ಭಾರ

ಓಟದ ವೇಗವೆಂದರೆ ಎರಡು ಸಂಖ್ಯೆಗಳ ಗುಣಲಬ್ಧ. ಒಂದು ಹೆಜ್ಜೆಯ ಉದ್ದ, ಇನ್ನೊಂದು ಸೆಕೆಂಡಿಗೆ ಬೀಳುವ ಹೆಜ್ಜೆಗಳ ಸಂಖ್ಯೆ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ 9.58 ಸೆಕೆಂಡುಗಳ ವಿಶ್ವದಾಖಲೆ ಬರೆದಾಗ ಜಮೈಕಾದ ಉಸೇನ್ ಬೋಲ್ಟ್ ಹಾಕಿದ್ದು ಸುಮಾರು 41 ಹೆಜ್ಜೆ. ಅಂದರೆ ಹೆಜ್ಜೆಗೆ ಸರಾಸರಿ 2.44 ಮೀಟರ್. ಈ ಲೆಕ್ಕ ಕಂಡವರು ಹೆಜ್ಜೆ ಉದ್ದವಾದಷ್ಟೂ ವೇಗ ಹೆಚ್ಚು ಎಂದು ತೀರ್ಮಾನಿಸುವುದು ಸಹಜ. ತೀರ್ಮಾನವೂ ತಪ್ಪಲ್ಲ. ಆ ಉದ್ದ ಎಲ್ಲಿಂದ ಬರುತ್ತದೆ ಎಂಬಲ್ಲಿ ಎಡವಟ್ಟಾಗುತ್ತದೆ. ಗಾಳಿಯಲ್ಲಿರುವ ಕಾಲನ್ನು ಮುಂದಕ್ಕೆ ಚಾಚಿ ಗಳಿಸಿದ ಉದ್ದ ಬೇರೆ; ನೆಲವನ್ನು ಒತ್ತಿ ಇಡೀ ದೇಹವನ್ನು ಚಿಮ್ಮಿಸಿ ಗಳಿಸಿದ ಉದ್ದ ಬೇರೆ.

ಅಮೆರಿಕದ ಸಂಶೋಧಕ ಪೀಟರ್ ವೇಯಂಡ್ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ‘ಜರ್ನಲ್ ಆಫ್ ಅಪ್ಲೈಡ್ ಫಿಸಿಯಾಲಜಿ’ಯಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಒಂದು ತಿರುವು. ಅವರು 33 ಮಂದಿಯನ್ನು ಬಲ ಅಳೆಯುವ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅತಿ ನಿಧಾನಿಯ ಗರಿಷ್ಠ ವೇಗ ಸೆಕೆಂಡಿಗೆ 6.2 ಮೀಟರ್, ಅತಿ ವೇಗಿಯದು 11.1 ಮೀಟರ್. ಅಚ್ಚರಿಯೆಂದರೆ, ಗರಿಷ್ಠ ವೇಗದಲ್ಲಿ ಕಾಲನ್ನು ಹಿಂದಿನಿಂದ ಮುಂದಕ್ಕೆ ತರಲು ಎಲ್ಲರೂ ತೆಗೆದುಕೊಂಡ ಸಮಯ ಹೆಚ್ಚುಕಡಿಮೆ ಒಂದೇ ಆಗಿತ್ತು. ವ್ಯತ್ಯಾಸ ಕಂಡದ್ದು ನೆಲಕ್ಕೆ ಹಾಕುವ ಬಲದಲ್ಲಿ. ದೇಹತೂಕಕ್ಕೆ ಹೋಲಿಸಿದಾಗ ವೇಗಿಯು ನಿಧಾನಿಗಿಂತ 1.26 ಪಟ್ಟು ಹೆಚ್ಚು ಬಲ ಹಾಕುತ್ತಿದ್ದ. ‘ಕಾಲು ಬೇಗ ಬೇಗ ಆಡಿಸು’ ಎಂಬ ಇನ್ನೊಂದು ಜನಪ್ರಿಯ ಸಲಹೆಯ ಬುಡವೂ ಇದರಿಂದ ಅಲುಗಾಡಿತು.

ಬಲ ಎಷ್ಟು ಬೇಕು? ಲೆಕ್ಕ ಸರಳ. ಸೆಕೆಂಡಿಗೆ ನಾಲ್ಕೂವರೆ ಹೆಜ್ಜೆ ಹಾಕುವ ಉತ್ತಮ ಓಟಗಾರನಿಗೆ ಒಂದು ಹೆಜ್ಜೆಗೆ ಸಿಗುವುದು 0.22 ಸೆಕೆಂಡು. ಅದರಲ್ಲಿ ಪಾದ ನೆಲದಲ್ಲಿರುವುದು 0.09 ಸೆಕೆಂಡು ಮಾತ್ರ. ಉಳಿದ ಹೊತ್ತು ದೇಹ ಗಾಳಿಯಲ್ಲಿರುತ್ತದೆ. ಗುರುತ್ವಾಕರ್ಷಣೆಯಾದರೋ 0.22 ಸೆಕೆಂಡಿನುದ್ದಕ್ಕೂ ದೇಹವನ್ನು ಕೆಳಕ್ಕೆಳೆಯುತ್ತಲೇ ಇರುತ್ತದೆ. ಆ ಪೂರ್ತಿ ಬಾಕಿಯನ್ನು ಪಾದವು 0.09 ಸೆಕೆಂಡಿನೊಳಗೆ ತೀರಿಸಬೇಕು. ಹೀಗಾಗಿ ನೆಲದ ಮೇಲಿರುವಷ್ಟೂ ಹೊತ್ತು ಕಾಲು ಸರಾಸರಿ ದೇಹತೂಕದ ಎರಡೂವರೆ ಪಟ್ಟು ಬಲ ಹಾಕುವುದು ಅನಿವಾರ್ಯ. 60 ಕೆ.ಜಿ. ತೂಕದ ಯುವಕನಾದರೆ ಸುಮಾರು 150 ಕೆ.ಜಿ. ಮಾನ್ವಿ ಭಾಗದಲ್ಲಿ ಭತ್ತದ ವ್ಯಾಪಾರ ನಡೆಯುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಎರಡು ಚೀಲ ಭತ್ತದ ಭಾರವನ್ನು ಒಂದೇ ಕಾಲಿನ ಮೇಲೆ ಹೊತ್ತು, ಕಣ್ಣು ಮಿಟುಕಿಸುವುದರೊಳಗೆ ಇಳಿಸಿ, ಮತ್ತೊಂದು ಕಾಲಿಗೆ ವರ್ಗಾಯಿಸಿದಂತೆ! ಇದು ಸರಾಸರಿ ಮಾತ್ರ. ಅಗ್ರ ಓಟಗಾರರಲ್ಲಿ ಗರಿಷ್ಠ ಬಲದ ಕ್ಷಣ ದೇಹತೂಕದ ನಾಲ್ಕು ಪಟ್ಟನ್ನೂ ದಾಟುತ್ತದೆ.

ಪಾದ ಎಲ್ಲಿ ಬೀಳಬೇಕು?

ಇಷ್ಟು ಬಲವನ್ನು ಇಷ್ಟು ಕಡಿಮೆ ಹೊತ್ತಿನಲ್ಲಿ ಹಾಕಬೇಕಾದರೆ ಪಾದ ಬೀಳುವ ಜಾಗ ಮತ್ತು ಬೀಳುವ ರೀತಿ ಎರಡೂ ಮುಖ್ಯ. ಪಳಗಿದ ಓಟಗಾರನ ಕಾಲು ನೆಲಕ್ಕೆ ಬರುವ ಮುನ್ನವೇ ಹಿಂದಕ್ಕೆ ಚಲಿಸಲು ಆರಂಭಿಸಿರುತ್ತದೆ. ಮೇಲೆತ್ತಿದ ತೊಡೆಯನ್ನು ಪೃಷ್ಠದ ಸ್ನಾಯುಗಳು ರಭಸದಿಂದ ಕೆಳಕ್ಕೂ ಹಿಂದಕ್ಕೂ ಎಳೆಯುತ್ತವೆ. ಪಾದದ ಮುಂಭಾಗ, ಅದರಲ್ಲೂ ಹೊರ ಅಂಚು, ಸೊಂಟದ ನೇರಕ್ಕಿಂತ ತುಸುವೇ ಮುಂದೆ ನೆಲವನ್ನು ಮುಟ್ಟುತ್ತದೆ. ಹಿಮ್ಮಡ ನೆಲಕ್ಕೆ ತಾಗಿದರೆ ತಾಗಿತು, ಇಲ್ಲವಾದರೆ ಇಲ್ಲ. ಆ ಕ್ಷಣದಲ್ಲಿ ಪಾದದ ಕೀಲು ಕುಸಿಯದೆ ಬಿಗಿಯಾಗಿರಬೇಕು. ಮೀನಖಂಡವನ್ನು ಹಿಮ್ಮಡಕ್ಕೆ ಜೋಡಿಸುವ ದಪ್ಪ ಸ್ನಾಯುರಜ್ಜು ಸ್ಪ್ರಿಂಗ್‌ನಂತೆ ಹಿಗ್ಗಿ, ಮರುಕ್ಷಣವೇ ಕುಗ್ಗಿ ಶಕ್ತಿಯನ್ನು ಮರಳಿಸುತ್ತದೆ. ಕೀಲು ಸಡಿಲವಾಗಿದ್ದರೆ ಆ ಶಕ್ತಿ ಸೋರಿಹೋಗುತ್ತದೆ.

ವೇಯಂಡ್ ಮತ್ತು ಕೆನ್ ಕ್ಲಾರ್ಕ್ 2014ರಲ್ಲಿ ಗಮನಿಸಿದ ಸಂಗತಿ ಇದಕ್ಕೆ ಪೂರಕ. ಸಾಮಾನ್ಯರು ಓಡುವಾಗ ನೆಲದ ಮೇಲಿನ ಬಲ ನಿಧಾನಕ್ಕೆ ಏರಿ ಮಧ್ಯದಲ್ಲಿ ಶಿಖರ ಮುಟ್ಟಿ ಇಳಿಯುತ್ತದೆ. ಸ್ಪರ್ಧಾತ್ಮಕ ವೇಗದ ಓಟಗಾರರಲ್ಲಿ ಬಲವು ಪಾದ ತಾಗಿದ ಮೊದಲರ್ಧದಲ್ಲೇ ಶಿಖರಕ್ಕೇರುತ್ತದೆ. ಸುತ್ತಿಗೆಯ ಪೆಟ್ಟಿನಂತೆ ಕಾಲು ನೆಲವನ್ನು ಬಡಿಯುತ್ತದೆ ಎನ್ನಬಹುದು.

ಈಗ ‘ಕಾಲು ಚಾಚು’ ಎಂಬ ಕೂಗಿಗೆ ಮರಳೋಣ. ಚಾಚಿದ ಕಾಲು ಸೊಂಟಕ್ಕಿಂತ ಬಹಳ ಮುಂದೆ, ಹೆಚ್ಚಾಗಿ ಹಿಮ್ಮಡದ ಮೇಲೆ ಬೀಳುತ್ತದೆ. ಅಲ್ಲಿ ಬಿದ್ದ ಪಾದ ನೆಲವನ್ನು ಮುಂದಕ್ಕೆ ತಳ್ಳುತ್ತದೆ. ನೆಲ ಓಟಗಾರನನ್ನು ಹಿಂದಕ್ಕೆ ತಳ್ಳುತ್ತದೆ. ಬೇರೆ ಮಾತಿನಲ್ಲಿ ಹೇಳುವುದಾದರೆ ಪ್ರತಿ ಹೆಜ್ಜೆಗೂ ಒಮ್ಮೆ ಬ್ರೇಕ್ ಒತ್ತಿದಂತೆ. ಇಡೀ ದೇಹ ಆ ಪಾದದ ಮೇಲಿನಿಂದ ದಾಟಿಹೋಗುವವರೆಗೆ ಕಾಲು ನೆಲದಲ್ಲೇ ಉಳಿಯಬೇಕಾದ್ದರಿಂದ ಸಮಯವೂ ನಷ್ಟ.

ಹೊರಡುವಾಗ ಎತ್ತು, ಆಮೇಲೆ ಚೆಂಡು

ನೂರು ಮೀಟರ್ ಎಂಬುದು ಒಂದೇ ಓಟವಲ್ಲ. ಬರ್ಲಿನ್‌ನಲ್ಲಿ ಬೋಲ್ಟ್ ಮೊದಲ 20 ಮೀಟರ್‌ಗೆ 2.89 ಸೆಕೆಂಡು ತೆಗೆದುಕೊಂಡರು. 60ರಿಂದ 80 ಮೀಟರ್‌ವರೆಗಿನ 20 ಮೀಟರ್‌ಗೆ ಹಿಡಿದದ್ದು 1.61 ಸೆಕೆಂಡು. ಹೊರಡುವಾಗಿನ ಕಾಲಿನ ಕೆಲಸವೇ ಬೇರೆ.

ರಾಯಚೂರು ನಗರದವರಿಗೆ ಇದನ್ನು ವಿವರಿಸಲು ಪ್ರಯೋಗಾಲಯ ಬೇಕಿಲ್ಲ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಭಾರದ ಕಲ್ಲು ಎಳೆಯುವ ಎತ್ತುಗಳನ್ನು ಕಂಡವರು ಬಹಳ ಮಂದಿ. ಕಲ್ಲು ಅಲುಗುವ ಮುನ್ನ ಎತ್ತು ತಲೆ ತಗ್ಗಿಸಿ, ಮೈಯನ್ನು ಮುಂದಕ್ಕೆ ವಾಲಿಸಿ, ಗೊರಸು ಊರಿ, ಹಿಂಗಾಲಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ಓಟಗಾರನ ಮೊದಲ ಏಳೆಂಟು ಹೆಜ್ಜೆಗಳ ಕಾಯಕವೂ ಅದೇ. ದೇಹ ಮುಂದಕ್ಕೆ ವಾಲಿರಬೇಕು, ಮೊಣಕಾಲಿನ ಕೆಳಗಿನ ಭಾಗ ಅದೇ ಕೋನದಲ್ಲಿ ಬಾಗಿರಬೇಕು, ಪಾದ ಸೊಂಟದ ಕೆಳಗೆ ಅಥವಾ ಹಿಂದೆ ಬೀಳಬೇಕು. ಇಲ್ಲಿ ಪಾದ ನೆಲದಲ್ಲಿ 0.2 ಸೆಕೆಂಡಿನವರೆಗೂ ಇರುತ್ತದೆ. ಫ್ರಾನ್ಸ್‌ನ ಜಾನ್‌-ಬೆನುವಾ ಮೊರಾನ್ ಮತ್ತಿತರರ ಅಧ್ಯಯನಗಳ ಸಾರವೂ ಇದೇ ಧಾಟಿಯದು: ಈ ಘಟ್ಟದಲ್ಲಿ ಒಟ್ಟು ಬಲದ ಪ್ರಮಾಣಕ್ಕಿಂತ ಆ ಬಲ ಎಷ್ಟು ಮಟ್ಟಿಗೆ ಹಿಂದಕ್ಕೆ ತಿರುಗಿದೆ ಎಂಬುದು ಹೆಚ್ಚು ಮುಖ್ಯ.

ಮೈ ಕ್ರಮೇಣ ನೆಟ್ಟಗಾಗುತ್ತಾ ಹೋದಂತೆ ಎತ್ತಿನ ಕೆಲಸ ಮುಗಿದು ಪುಟಿಯುವ ಚೆಂಡಿನ ಕೆಲಸ ಆರಂಭವಾಗುತ್ತದೆ. ಎರಡನ್ನೂ ಅದಲುಬದಲು ಮಾಡಿಕೊಂಡವರು ಸೋಲುತ್ತಾರೆ. ಸೀಟಿ ಊದಿದೊಡನೆ ಎದೆ ಎತ್ತಿ ನಿಲ್ಲುವುದು ಶಾಲಾ ಮೈದಾನಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು.

ಸ್ಟಾರ್ಟಿಂಗ್ ಬ್ಲಾಕ್ ಇಲ್ಲದ ಮೈದಾನದಲ್ಲಿ ಗೆಳೆಯನೊಬ್ಬ ಹಿಂದೆ ನಿಂತು ತನ್ನ ಪಾದ ಒಡ್ಡುವುದುಂಟು. ನಾಚಿಕೆಪಡುವ ಸಂಗತಿಯೇನಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್ ಕರಣೆಯಿಂದ ನೆಲ ಅಗೆದು ಪಾದಕ್ಕೆ ಗುಳಿ ಮಾಡಿಕೊಂಡೇ 10.3 ಸೆಕೆಂಡಿನಲ್ಲಿ ಚಿನ್ನ ಗೆದ್ದಿದ್ದರು.

ಕೊನೆಯ ಇಪ್ಪತ್ತು ಮೀಟರ್, ಹರಿಯುವ ಸ್ನಾಯು

ವೇಗ ಶಿಖರ ಮುಟ್ಟಿದ ಮೇಲೆ ಇಳಿಯಲೇಬೇಕು. ಬೋಲ್ಟ್ ಕೂಡ ಕೊನೆಯ 20 ಮೀಟರ್‌ಗೆ 1.66 ಸೆಕೆಂಡು ತೆಗೆದುಕೊಂಡರು. ಶಾಲಾ ಮಕ್ಕಳ ವೇಗವಂತೂ ಇನ್ನೂ ಬಹಳ ಮೊದಲೇ ಇಳಿಮುಖವಾಗುತ್ತದೆ. ‘ಕೊನೆಯಲ್ಲಿ ವೇಗ ಹೆಚ್ಚಿಸಿ ಗೆದ್ದ’ ಎಂದು ವರದಿಗಳಲ್ಲಿ ಬರೆಯುವುದುಂಟು. ನೂರು ಮೀಟರ್‌ನಲ್ಲಿ ಆತ ಗೆದ್ದದ್ದು ಬೇರೆಯವರಿಗಿಂತ ಕಡಿಮೆ ನಿಧಾನವಾದ ಕಾರಣದಿಂದ.

ಅಪಾಯ ಇರುವುದೂ ಇಲ್ಲಿಯೇ. ನೆಲ ಬಿಟ್ಟ ಕಾಲು ಮೊಣಕಾಲಿನಲ್ಲಿ ಮಡಚಿಕೊಂಡು ಮುಂದಕ್ಕೆ ಬರುತ್ತದೆ. ಮಡಚಿದ ಕಾಲು ಗಿಡ್ಡ ಲೋಲಕದಂತೆ, ಸಲೀಸಾಗಿ ತೂಗುತ್ತದೆ. ಹಿಮ್ಮಡ ಪೃಷ್ಠದ ಸಮೀಪಕ್ಕೆ ಬರುವುದು ತೊಡೆ ರಭಸದಿಂದ ಮುಂದೆ ಬಂದದ್ದರ ಪರಿಣಾಮವೇ ಹೊರತು ಬೇಕೆಂದು ಒದ್ದುಕೊಳ್ಳುವ ಕ್ರಿಯೆಯಲ್ಲ. ನಂತರ ಮೊಣಕಾಲಿನ ಕೆಳಗಿನ ಭಾಗ ಮುಂದಕ್ಕೆ ಬೀಸಿ ಬಿಚ್ಚಿಕೊಳ್ಳುತ್ತದೆ. ಆ ಬೀಸನ್ನು ತಡೆದು ನಿಲ್ಲಿಸುವ ಹೊಣೆ ತೊಡೆಯ ಹಿಂಭಾಗದ ಸ್ನಾಯುಗಳದ್ದು, ಅಂದರೆ ಕ್ರಿಕೆಟ್ ವರದಿಗಳಿಂದ ಎಲ್ಲರಿಗೂ ಪರಿಚಿತವಾದ ಹ್ಯಾಮ್‌ಸ್ಟ್ರಿಂಗ್‌ಗಳದ್ದು. ಅವು ಪೂರ್ತಿ ಹಿಗ್ಗಿರುವಾಗಲೇ ಅತಿ ಹೆಚ್ಚು ಬಲ ಹಾಕಬೇಕಾಗುತ್ತದೆ. ವೇಗದ ಓಟದಲ್ಲಿ ಈ ಸ್ನಾಯು ಹರಿಯುವುದು ಬಹುತೇಕ ಈ ಘಳಿಗೆಯಲ್ಲಿ ಎಂಬುದು ಹೆಚ್ಚಿನ ತಜ್ಞರ ಅಭಿಪ್ರಾಯ. ದಣಿದ ಹುಡುಗ, ಕೊನೆಯ ಇಪ್ಪತ್ತು ಮೀಟರ್, ಅಂಚಿನಿಂದ ‘ಚಾಚು’ ಎಂಬ ಕೂಗು. ಇವು ಮೂರೂ ಒಟ್ಟಿಗೆ ಸೇರಿದರೆ ಸ್ನಾಯು ಹರಿಯಲು ಇನ್ನೇನೂ ಬೇಕಿಲ್ಲ.

ಒಮ್ಮೆ ಹರಿದ ಸ್ನಾಯು ವಾರಗಳ ವಿಶ್ರಾಂತಿ ಬೇಡುತ್ತದೆ. ಅರ್ಧ ಮಾಸಿದ ಗಾಯದ ಮೇಲೆ ಓಡಿದರೆ ಮತ್ತೆ ಹರಿಯುತ್ತದೆ. ತಾಲ್ಲೂಕು ಕೂಟಕ್ಕೂ ಜಿಲ್ಲಾ ಕೂಟಕ್ಕೂ ನಡುವೆ ಅಷ್ಟು ವಾರಗಳು ಇರುವುದಿಲ್ಲ. ಹಾಗಾಗಿ ಒಂದು ವರ್ಷದ ಅವಕಾಶವೇ ಕೈತಪ್ಪುತ್ತದೆ. ವಯೋಮಿತಿಯ ಅಂಚಿನಲ್ಲಿರುವವರಿಗೆ ಆ ವಿಭಾಗದ ಬಾಗಿಲೇ ಮುಚ್ಚುತ್ತದೆ.

ಇದಕ್ಕೆ ಅಗ್ಗದ ಮದ್ದೊಂದಿದೆ. ಮೊಣಕಾಲೂರಿ ಕುಳಿತವನ ಹಿಮ್ಮಡಗಳನ್ನು ಜತೆಗಾರ ಒತ್ತಿ ಹಿಡಿಯಬೇಕು. ಕುಳಿತವನು ಸೊಂಟ ಬಗ್ಗಿಸದೆ ನಿಧಾನವಾಗಿ ಮುಂದಕ್ಕೆ ವಾಲುತ್ತಾ ಹೋಗಬೇಕು. ‘ನಾರ್ಡಿಕ್’ ಎಂದು ಕರೆಯಲಾಗುವ ಈ ವ್ಯಾಯಾಮಕ್ಕೆ ಚಾಪೆಯೊಂದಿದ್ದರೆ ಸಾಕು. 8,000ಕ್ಕೂ ಹೆಚ್ಚು ಕ್ರೀಡಾಪಟುಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇದನ್ನು ಅಳವಡಿಸಿಕೊಂಡ ಕಡೆ ಹ್ಯಾಮ್‌ಸ್ಟ್ರಿಂಗ್ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿವೆ.

ಎರೆ, ಮಸಾರಿ, ಗರಸು

ನೆಲವನ್ನು ಒತ್ತಬೇಕು ಎಂದಮೇಲೆ ನೆಲ ಎಂಥದ್ದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶದಲ್ಲಿ ಎರೆಮಣ್ಣಿನ ಪಾಲು ದೊಡ್ಡದು. ಹತ್ತಿಗೆ ಹೇಳಿ ಮಾಡಿಸಿದ ಈ ಮಣ್ಣು ಓಟಕ್ಕೆ ಅಷ್ಟು ಒಗ್ಗುವುದಿಲ್ಲ. ಮಳೆಯಲ್ಲಿ ಹಿಗ್ಗಿ ಅಂಟಾಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಕ್ರೀಡಾಕೂಟಗಳು ನಡೆಯುವುದೋ ಮಳೆಗಾಲದಲ್ಲಿ!

ಮೆತ್ತನೆ ನೆಲ ಕಾಲಿಗೆ ಏನು ಮಾಡುತ್ತದೆ ಎಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಥಾಮಸ್ ಮೆಕ್‌ಮಹನ್ ಮತ್ತು ಪೀಟರ್ ಗ್ರೀನ್ 1970ರ ದಶಕದಲ್ಲೇ ಪರೀಕ್ಷಿಸಿದ್ದರು. ದಿಂಬಿನಷ್ಟು ಮೃದುವಾದ ಹಾಸಿನ ಮೇಲೆ ಓಡಿಸಿದಾಗ ಪಾದ ನೆಲದಲ್ಲಿರುವ ಹೊತ್ತು ಹೆಚ್ಚಿ ವೇಗ ಕುಸಿಯಿತು. ಕಾಲಿನ ಸ್ಪ್ರಿಂಗ್ ಗುಣಕ್ಕೆ ಹೊಂದುವಂತೆ ಅವರು 1977ರಲ್ಲಿ ನಿರ್ಮಿಸಿದ ಒಳಾಂಗಣ ಟ್ರ್ಯಾಕ್‌ನಲ್ಲಿ ಓಟದ ಸಮಯ ಶೇ 2ರಿಂದ 3ರಷ್ಟು ಸುಧಾರಿಸಿತು. ಹಸಿ ಎರೆಯಲ್ಲಿ ಓಡುವವರ ಪಾಡು ದಿಂಬಿನ ಮೇಲೆ ಓಡಿದವರ ಪಾಡೇ ಸರಿ. ಹೀಗಾಗಿ ಎರೆ ಭೂಮಿಯ ಶಾಲೆಗಳಲ್ಲಿ ಇಡೀ ಮೈದಾನವನ್ನಲ್ಲದಿದ್ದರೂ ನಲವತ್ತು ಮೀಟರ್ ಉದ್ದದ ಒಂದು ಪಟ್ಟಿಗೆ ಗರಸು ಹಾಕಿ ಉರುಳುಗಲ್ಲು ಎಳೆಯುವುದು ಉಪಯುಕ್ತ. ಕೆಂಪು ಮಸಾರಿ ನೆಲ ಇರುವಲ್ಲಿ ಈ ತೊಂದರೆ ಕಡಿಮೆ.

ಆದರೆ ಮಣ್ಣನ್ನೇ ದೂರಿ ಕೂರುವಂತಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಟ್ರ್ಯಾಕ್ ಸಿಂಥೆಟಿಕ್ ಆಗಿರಲಿಲ್ಲ, ಸುಟ್ಟ ಕಲ್ಲಿದ್ದಲಿನ ಚೂರು ಹಾಸಿದ ಸಿಂಡರ್ ಟ್ರ್ಯಾಕ್ ಆಗಿತ್ತು. ಅದರ ಮೇಲೆಯೇ ಅಮೆರಿಕದ ಬಾಬ್ ಹೇಯ್ಸ್ 10.06 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಕರ್ನಾಟಕದ ಕೆನೆತ್ ಪೊವೆಲ್ ಅವರಿದ್ದ ಭಾರತದ 4x100 ಮೀಟರ್ ರಿಲೇ ತಂಡ ಸೆಮಿಫೈನಲ್ ತಲುಪಿದ್ದೂ ಅದೇ ಟ್ರ್ಯಾಕ್‌ನಲ್ಲಿ.

ಕಂಬಳದ 9.55

ನೆಲದ ಮಾತು ಬಂದಾಗ ಕರಾವಳಿಯ ಕೆಸರುಗದ್ದೆಯನ್ನು ಮರೆಯಲಾಗದು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ್ದರು. ಅದನ್ನು ನೂರು ಮೀಟರ್‌ಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿದ್ದೇ ತಡ, ‘ಬೋಲ್ಟ್‌ಗಿಂತ ವೇಗಿ’ ಎಂಬ ಸುದ್ದಿ ದೇಶವನ್ನೇ ಸುತ್ತಿತು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸ್‌ಗೆ ಆಹ್ವಾನಿಸಿದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡದ ಪಾತ್ರ ದೊಡ್ಡದು, ಟ್ರ್ಯಾಕ್‌ನಲ್ಲಿ ಬೆರಳುಗಳದ್ದು. ಮೇಲಾಗಿ ಕಂಬಳದ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದು ಅವರು ಕೊಟ್ಟ ಕಾರಣ.

ಅಂದು ನಡೆದ ಚರ್ಚೆಯಲ್ಲೆಲ್ಲ ಅತ್ಯಂತ ಶಾಸ್ತ್ರೀಯವಾದ ಮಾತು ಇದೇ ಇದ್ದೀತು. ಕೆಸರಿನಲ್ಲಿ ಪಾದ ಹೂತುಕೊಳ್ಳುವಾಗ ಸ್ಪ್ರಿಂಗ್‌ನಂತೆ ಪುಟಿಯಲು ಸಾಧ್ಯವಿಲ್ಲ. ಮುಂದಕ್ಕೊಯ್ಯುವ ಬಲದ ಗಣನೀಯ ಭಾಗ ಕೈಯಲ್ಲಿರುವ ಹಗ್ಗದ ಮೂಲಕ ಬರುತ್ತದೆ. ಆ ಎಳೆತಕ್ಕೆ ಸರಿಯಾಗಿ ಬೀಳದೆ ಕಾಲು ಹಾಕುವುದೇ ಅಲ್ಲಿನ ವಿದ್ಯೆ. ಅದು ಸಣ್ಣ ವಿದ್ಯೆಯೂ ಅಲ್ಲ. ಆದರೆ ಬೇರೆ ವಿದ್ಯೆ.

ಎಲ್ಲರ ಕಾಲೂ ಒಂದೇ ಅಲ್ಲ

ಪಾಠ ಹೇಳುವವರಿಗೆ ಒಂದು ಎಚ್ಚರಿಕೆ ಅಗತ್ಯ. ಬೆನ್ನುಮೂಳೆಯ ವಕ್ರತೆ ಇರುವ ಬೋಲ್ಟ್‌ರ ಎರಡು ಕಾಲುಗಳೂ ಸಮನಾಗಿ ಕೆಲಸ ಮಾಡುತ್ತಿರಲಿಲ್ಲ. 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಅವರ ಬಲಗಾಲಿನ ಗರಿಷ್ಠ ಬಲ ಎಡಗಾಲಿಗಿಂತ ಶೇ 13ರಷ್ಟು ಹೆಚ್ಚು. ಎಡಗಾಲು ನೆಲದಲ್ಲಿರುವ ಹೊತ್ತು ಶೇ 14ರಷ್ಟು ಹೆಚ್ಚು. 1996ರಲ್ಲಿ 200 ಮೀಟರ್ ಅನ್ನು 19.32 ಸೆಕೆಂಡಿನಲ್ಲಿ ಓಡಿದ ಮೈಕೆಲ್ ಜಾನ್ಸನ್ ಅವರದ್ದು ನೆಟ್ಟನೆ ಬೆನ್ನು, ಗಿಡ್ಡ ಹೆಜ್ಜೆ. ಪುಸ್ತಕದ ಚಿತ್ರಕ್ಕೆ ಇವರಿಬ್ಬರೂ ಹೊಂದುವುದಿಲ್ಲ. ಹಾಗಾಗಿ ಸಹಜವಾಗಿ ಓಡುವ ಮಗುವಿನ ಕೈಬೀಸು, ತಲೆಯ ಓಲಾಟ ಮುಂತಾದವನ್ನೆಲ್ಲ ತಿದ್ದಹೊರಡುವ ಬದಲು ಪಾದ ಬೀಳುವ ಜಾಗವನ್ನಷ್ಟೇ ಗಮನಿಸುವುದು ಲೇಸು.

ಅದನ್ನು ನೋಡಲು ಈಗ ದುಬಾರಿ ಉಪಕರಣ ಬೇಕಿಲ್ಲ. ಹಲವು ಮೊಬೈಲ್‌ಗಳ ಸ್ಲೋ ಮೋಷನ್ ಕ್ಯಾಮೆರಾ ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ. ಮೊಬೈಲನ್ನು ಪಕ್ಕದಲ್ಲಿ ಸೊಂಟದೆತ್ತರಕ್ಕೆ ನಿಲ್ಲಿಸಿ, ಪಾದ ನೆಲದಲ್ಲಿರುವ ಚಿತ್ರಗಳನ್ನು ಎಣಿಸಿದರಾಯಿತು. 24 ಚಿತ್ರವಾದರೆ 0.10 ಸೆಕೆಂಡು, 36 ಆದರೆ 0.15. ತರಬೇತಿಯ ವಾರಗಳಲ್ಲಿ ಈ ಎಣಿಕೆ ಇಳಿಯುತ್ತಿದೆಯೇ ಎಂಬುದನ್ನು ವಿದ್ಯಾರ್ಥಿಯೇ ನೋಡಿಕೊಳ್ಳಬಹುದು. ಹಗ್ಗದಾಟ ಪಾದದ ಕೀಲನ್ನು ಬಿಗಿಗೊಳಿಸುತ್ತದೆ. ಗುಡ್ಡದ ಏರಿನಲ್ಲಿ 20 ಮೀಟರ್ ಓಟ ಮೈ ವಾಲಿಸುವುದನ್ನು ತಾನಾಗಿ ಕಲಿಸುತ್ತದೆ. ಪ್ರತಿ ಓಟದ ನಡುವೆ ಮೂರ್ನಾಲ್ಕು ನಿಮಿಷ ಪೂರ್ಣ ವಿಶ್ರಾಂತಿ ಬೇಕು. ದಣಿದು ಓಡಿದ್ದು ವೇಗದ ಅಭ್ಯಾಸ ಆಗುವುದಿಲ್ಲ. ಪೊಲೀಸ್ ನೇಮಕಾತಿಯ 1,600 ಮೀಟರ್ ಓಟಕ್ಕೆ ಸಜ್ಜಾಗುವ ಅಣ್ಣಂದಿರ ಹಿಂದೆ ಸುತ್ತು ಹಾಕುವುದರಿಂದ ದಮ್ಮು ಬರುತ್ತದೆ, ನೂರು ಮೀಟರ್‌ನ ಕಾಲು ಬರುವುದಿಲ್ಲ.

ಗಡಿಯಾರದ ಲೆಕ್ಕ

ಕನ್ನಡಿಗ ಮಣಿಕಂಠ ಹೋಬಳಿದಾರ್ 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ 10.23 ಸೆಕೆಂಡಿನ ರಾಷ್ಟ್ರೀಯ ದಾಖಲೆ ಬರೆದರು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲೇ ಅವರು 10.22ಕ್ಕೆ ಸುಧಾರಿಸಿಕೊಂಡರಾದರೂ ಅದೇ ಓಟದಲ್ಲಿ ಪಂಜಾಬಿನ ಗುರಿಂದರ್‌ವೀರ್ ಸಿಂಗ್ 10.20ರೊಂದಿಗೆ ದಾಖಲೆ ಕಸಿದುಕೊಂಡರು. ಜುಲೈನಲ್ಲಿ ಗ್ರೀಸ್‌ನಲ್ಲಿ ಓಡಿದ ಅನಿಮೇಶ್ ಕುಜೂರ್ ಅದನ್ನು 10.18ಕ್ಕೆ ಇಳಿಸಿದರು. ಇವೆಲ್ಲ ಎಲೆಕ್ಟ್ರಾನಿಕ್ ಗಡಿಯಾರದ ಸಮಯಗಳು. ತಾಲ್ಲೂಕು ಮೈದಾನದಲ್ಲಿ ಬೆರಳಿನಿಂದ ಒತ್ತಿದ ಸ್ಟಾಪ್‌ವಾಚ್‌ನ ಸಮಯವನ್ನು ಇವುಗಳೊಂದಿಗೆ ಹೋಲಿಸುವಾಗ 0.24 ಸೆಕೆಂಡು ಸೇರಿಸುವುದು ರೂಢಿ.

ಇನ್ನೊಂದು ಸೂಕ್ಷ್ಮವಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಗುರಿಯ ಗೆರೆಯ ಬಳಿ ನಿಂತ ಸಮಯಪಾಲಕರು ನೂರು ಮೀಟರ್ ಆಚೆಯ ಕ್ಲ್ಯಾಪರ್‌ನ ಹಲಗೆಗಳು ಕೂಡುವುದನ್ನು ಕಣ್ಣಿನಿಂದ ನೋಡದೆ, ಸದ್ದು ಕೇಳಿದ ಮೇಲೆ ಗುಂಡಿ ಒತ್ತಿದರೆ ಓಟಗಾರನಿಗೆ ಸುಮಾರು 0.3 ಸೆಕೆಂಡು ಪುಕ್ಕಟೆಯಾಗಿ ಸಿಕ್ಕಂತೆ. ಹಾಗೆ 11.6 ಎಂದು ಬರೆಸಿಕೊಂಡು ಹೊರಟ ಹುಡುಗನ ನಿಜವಾದ ಸಮಯ, ಎಲೆಕ್ಟ್ರಾನಿಕ್ ಗಡಿಯಾರ ಇರುವ ಕೂಟದಲ್ಲಿ, 12.1ರ ಹತ್ತಿರ ಬರುತ್ತದೆ.